ಜೋಮು ಬಿಡದ ಕೈಕಾಲು

ನನಗೆ ಸ್ತನ ಕ್ಯಾನ್ಸರಿನ ಕಿಮೋ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್‌ನ ಎರಡನೇ ಡೋಸು ಹಾಕಿದ್ದು 2024ರ ಜೂನ್ 4ರಂದು, ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ. ಶಿವಮೊಗ್ಗದ ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ಎಂಟು ಕುರ್ಚಿ, ಎಂಟಕ್ಕೂ ಡ್ರಿಪ್, ಎಲ್ಲರ ಕಣ್ಣೂ ಗೋಡೆಯ ಟಿವಿ ಮೇಲೆ. ಡ್ರಿಪ್ಪಿಗೆ ಮೊದಲು ಅಲರ್ಜಿ ಆಗದಿರಲಿ ಅಂತ ಕೊಡುವ ಇಂಜೆಕ್ಷನ್ನಿಗೆ ನನಗೆ ವಿಪರೀತ ತೂಕಡಿಕೆ. ಕಣ್ಣು ಬಿಟ್ಟಾಗಲೆಲ್ಲ ಟಿವಿಯ ಅಂಕಿ ಬದಲಾಗಿರುತ್ತಿತ್ತು. ಸಂಜೆ ಬಸ್ಸಿನಲ್ಲಿ ಸಾಗರಕ್ಕೆ ವಾಪಸ್ ಬರುವಾಗ ಎಡಗಾಲ ಹೆಬ್ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು. ಬಗ್ಗಿ ಕೊಡವಿದೆ. ಇರುವೆ ಇರಲಿಲ್ಲ.

ಆ ಇರುವೆಯ ವಿಷಯವನ್ನು ನಾನು ಏಳು ವಾರ ಯಾರಿಗೂ ಸರಿಯಾಗಿ ಹೇಳಲಿಲ್ಲ. ಇಷ್ಟೆಲ್ಲ ಬರೆಯಲು ಕೂತಿದ್ದು ಅದಕ್ಕೇ.

ನಾನು ಸಾಗರದ ಹತ್ತಿರದ ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್. ಆಗ ವಯಸ್ಸು 48. ಮನೆಯಲ್ಲಿ ಇವರು, ಅತ್ತೆ, ಸ್ವಲ್ಪ ಅಡಿಕೆ ತೋಟ. ಮಗಳು ಮೈಸೂರಿನಲ್ಲಿ ಓದುತ್ತಾಳೆ. ಸಂಕ್ರಾಂತಿಯ ಹೊತ್ತಿಗೆ ಬಲಗಡೆ ಎದೆಯಲ್ಲಿ ಗಂಟು ಸಿಕ್ಕಿತು, ಜನವರಿ ಕೊನೆಗೆ ಆಪರೇಷನ್ ಆಯಿತು. ಕಂಕುಳಿನ ಎರಡು ಗಂಟುಗಳಿಗೂ ಹರಡಿತ್ತು. ಮಾರ್ಚಿನಿಂದ ಮೂರು ವಾರಕ್ಕೊಂದರಂತೆ ನಾಲ್ಕು ಸಲ 'ಕೆಂಪು ಔಷಧಿ'. ಕೂದಲು, ಹುಬ್ಬು, ನಾಲಿಗೆಯ ರುಚಿ ಎಲ್ಲ ಹೋದದ್ದು ಅದರಲ್ಲಿ. ಆ ಕಥೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ, ಅದನ್ನು ಬಿಡುತ್ತೇನೆ. ವಾರ್ಡಿನಲ್ಲಿ ಹಳಬರು ಹೇಳುತ್ತಿದ್ದರು, "ಕೆಂಪು ಮುಗಿದರೆ ಗೆದ್ದ ಹಾಗೆ. ಬಿಳಿ ಔಷಧಿ ಸಲೀಸು." ಬಿಳಿ ಅಂದರೆ ಈ ಪ್ಯಾಕ್ಲಿಟ್ಯಾಕ್ಸೆಲ್. ವಾರಕ್ಕೊಂದರಂತೆ ಹನ್ನೆರಡು. ಸಲೀಸು ಅಂದಿದ್ದು ಸುಳ್ಳೂ ಅಲ್ಲ. ವಾಂತಿ ನಿಂತಿತು, ಅನ್ನ ಸೇರಿತು, ಎರಡು ತಿಂಗಳ ಮೇಲೆ ಅಪ್ಪೆಹುಳಿಯ ಹುಳಿ ನಾಲಿಗೆಗೆ ತಾಗಿತು. ಇಷ್ಟು ಸುಖ ಸಿಕ್ಕ ಮೇಲೆ ಹೆಬ್ಬೆರಳ ಇರುವೆಗೆ ಯಾರು ಬೆಲೆ ಕೊಡುತ್ತಾರೆ?

ವಾರ ವಾರ ಹೋಗಿಬರುವವರಿಗೆ ಒಂದೆರಡು ಮಾತು. ಔಷಧಿಯ ಹಿಂದಿನ ದಿನ ರಕ್ತ ಪರೀಕ್ಷೆ ಬೇಕೇ ಬೇಕು, ಬಿಳಿ ರಕ್ತಕಣ ಕಡಿಮೆಯಿದ್ದರೆ ವಾಪಸ್ ಕಳಿಸುತ್ತಾರೆ. ಮೊದಲ ವಾರ ನಾವು ಬರಿಗೈಲಿ ಹೋಗಿ, ಅಲ್ಲೇ ರಕ್ತ ಕೊಟ್ಟು, ರಿಪೋರ್ಟು ಬರುವಷ್ಟರಲ್ಲಿ ಮಧ್ಯಾಹ್ನವಾಗಿ, ಮನೆ ಮುಟ್ಟಿದ್ದು ರಾತ್ರಿ ಒಂಬತ್ತೂವರೆಗೆ. ಆಮೇಲೆ ಸೋಮವಾರ ಸಾಗರದಲ್ಲೇ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿಬಿಡುತ್ತಿದ್ದೆ. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಪ್ರೈವೇಟ್ ಬಸ್ಸುಗಳೇ ಜಾಸ್ತಿ. ಹೋಗುವಾಗ ಕಾದು ಸರ್ಕಾರಿ ಬಸ್ ಹಿಡಿದರೂ ಬರುವಾಗ ಯಾವುದು ಸಿಕ್ಕಿದರೆ ಅದು. ತೀರಾ ಕೈಲಾಗದ ಮೂರು ವಾರ ಕಾರು ಮಾಡಿದೆವು, ಸಲಕ್ಕೆ 2,800 ರೂಪಾಯಿ.

ನಮ್ಮದು ಎಪಿಎಲ್ ಕಾರ್ಡು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ ಪೂರ್ತಿ ಸಿಗುತ್ತದೆ. ನಮ್ಮಂಥವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ, ಅದೂ ಒಂದೂವರೆ ಲಕ್ಷ ಮೀರದ ಹಾಗೆ. ಯಾರಿಗಾದರೂ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಈ ಚೀಟಿ ಇಲ್ಲದೆ ಆಧಾರ್, ರೇಷನ್ ಕಾರ್ಡು ಎಲ್ಲ ಹಿಡಿದುಕೊಂಡು ಹೋಗಿ ನಾವು ಒಂದು ದಿನ ಕಳೆದುಕೊಂಡೆವು.

ಜೂನ್ ಕಳೆಯುವಷ್ಟರಲ್ಲಿ ಇರುವೆ ಹೋಯಿತು. ಅದರ ಜಾಗಕ್ಕೆ ಸಾಕ್ಸ್ ಬಂತು. ಹಾಕಿರದ ಸಾಕ್ಸ್. ಬರಿಗಾಲಲ್ಲಿ ನಡೆದರೂ ಅಂಗಾಲಿಗೂ ನೆಲಕ್ಕೂ ನಡುವೆ ದಪ್ಪ ಬಟ್ಟೆ ಇದ್ದ ಹಾಗೆ. ಔಷಧಿ ಹೋದ ಎರಡನೇ, ಮೂರನೇ ದಿನ ತೊಡೆ, ಮೊಣಕಾಲು ಮುರಿದು ಹಾಕಿದಂಥ ನೋವು, ಅದು ಶನಿವಾರದ ಹೊತ್ತಿಗೆ ಇಳಿಯುತ್ತಿತ್ತು. ಜೋಮು ಮಾತ್ರ ಇಳಿಯಲಿಲ್ಲ. ಒಂದು ಮಂಗಳವಾರದಿಂದ ಇನ್ನೊಂದು ಮಂಗಳವಾರಕ್ಕೆ ಒಂದು ಗೆಣ್ಣು ಮೇಲೆ ಬಂದಂತೆ. ಆರನೇ ಡೋಸಿಗೆ ಕೈಬೆರಳ ತುದಿಗೂ ಬಂತು. ಸಾಸಿವೆ ಡಬ್ಬಿಗೆ ಕೈ ಹಾಕಿದರೆ ಚಿಟಿಕೆ ಹಿಡಿದೆನೋ ಇಲ್ಲವೋ ತಿಳಿಯದು, ಕಣ್ಣಿನಿಂದ ನೋಡಿಕೊಳ್ಳಬೇಕು.

ವಾರ್ಡಿನಲ್ಲಿ ಪ್ರತಿ ಸಲ ಸಿಸ್ಟರ್ ಕೇಳುವುದು ನಾಲ್ಕೇ ಪ್ರಶ್ನೆ. ವಾಂತಿ ಇದೆಯಾ, ಭೇದಿ ಇದೆಯಾ, ಜ್ವರ ಬಂತಾ, ಊಟ ಸೇರುತ್ತಾ. ಕೈಕಾಲಿನ ಪ್ರಶ್ನೆಯೇ ಇಲ್ಲ. ಒಮ್ಮೆ ನಾನಾಗಿಯೇ "ಸ್ವಲ್ಪ ಜೋಮು ಹಿಡಿದ ಹಾಗೆ" ಅಂದೆ. ಅವರು ಫೈಲಿನಲ್ಲಿ ಬರೆದದ್ದು ವೀಕ್‌ನೆಸ್ ಅಂತ. "ಬಿ ಕಾಂಪ್ಲೆಕ್ಸ್ ತಗೊಳ್ಳಿ ಅಮ್ಮಾ, ಎಲ್ಲರಿಗೂ ಇರ್ತದೆ." ಜೋಮಿಗೂ ವೀಕ್‌ನೆಸ್ಸಿಗೂ ಏನು ಸಂಬಂಧ? ನನ್ನ ಕಾಲಲ್ಲಿ ಶಕ್ತಿ ಇತ್ತು, ಸ್ಪರ್ಶ ಇರಲಿಲ್ಲ. ಆದರೆ ಜೋಮು ಅನ್ನುವ ನಮ್ಮ ಮಾತೇ ಮೋಸದ್ದು. ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ಬರುವುದೂ ಜೋಮೇ, ಎರಡು ಸಲ ಕಾಲು ಝಾಡಿಸಿದರೆ ಹೋಗುವುದೂ ಜೋಮೇ. ಕೇಳಿದವರಿಗೆ ಅದೇ ನೆನಪಾಗುತ್ತದೆ.

ತಪ್ಪೆಲ್ಲ ಸಿಸ್ಟರ್ ತಲೆಗೆ ಕಟ್ಟಿದರೆ ಸುಳ್ಳಾದೀತು. ಪಕ್ಕದ ಕುರ್ಚಿಯ ಹೆಂಗಸೊಬ್ಬರು ಕಿವಿಯಲ್ಲಿ ಹೇಳಿದ್ದರು, "ಜಾಸ್ತಿ ಹೇಳಬೇಡಿ, ಔಷಧಿ ನಿಲ್ಲಿಸಿಬಿಡ್ತಾರೆ." ನಿಲ್ಲಿಸಿದರೆ ಕಾಯಿಲೆ ತಿರುಗಿ ಬಂದರೆ? ಹನ್ನೆರಡು ಅಂದರೆ ಹನ್ನೆರಡೇ ಆಗಬೇಕು. ಕ್ಯಾಷ್ ಪುಸ್ತಕ ಬರೆಯುವವಳ ಬುದ್ಧಿ ಅದು, ಎರಡು ಕಡೆ ತಾಳೆ ಆಗದೆ ಮನೆಗೆ ಹೋಗುವ ಅಭ್ಯಾಸವಿಲ್ಲ. ಹಾಗಾಗಿ ಡಾಕ್ಟರು "ಹೇಗಿದ್ದೀರಿ?" ಅಂದಾಗಲೆಲ್ಲ ನನ್ನ ಉತ್ತರ, "ಆರಾಮು."

ಪುನರ್ವಸು ಮಳೆ ಹಿಡಿದು ಹೊಡೆಯುತ್ತಿದ್ದ ಜುಲೈ 16ರಂದು ಎಂಟನೆಯದು. ಶಿವಮೊಗ್ಗದಲ್ಲಿ ಬಸ್ಸಿಳಿದು, ಸೆರಗು ತಲೆ ಮೇಲೆಳೆದುಕೊಂಡು, ನೀರು ಹಾರಿಸುತ್ತ ಓಡಿ ಆಟೊ ಹತ್ತಿದೆವು. ಗೇರು ಹಾಕುವ ಮೊದಲು ಡ್ರೈವರ್ ಹಿಂದೆ ತಿರುಗಿ ಕೇಳಿದ, "ಅಕ್ಕಾ, ಇನ್ನೊಂದು ಚಪ್ಪಲಿ ಎಲ್ಲಿ?" ಕೆಳಗೆ ನೋಡಿದೆ. ಬಲಗಾಲು ಬರಿಗಾಲು, ಹಿಮ್ಮಡಿಯ ತನಕ ಕೆಸರು. ಇವರು ಮಳೆಯಲ್ಲೇ ಇಳಿದು ಹುಡುಕಿಕೊಂಡು ಹೋದರು. ಚಪ್ಪಲಿ ಸಿಕ್ಕಿದ್ದು ಬಸ್ಸಿನ ಮೆಟ್ಟಿಲ ಹತ್ತಿರ. ಅಷ್ಟು ದೂರವೂ ನಾನು ಬರಿಗಾಲಲ್ಲಿ ಓಡಿದ್ದೆ, ಕಾಲಿಗೆ ಸುದ್ದಿಯೇ ಇಲ್ಲ. ಆಟೊದಲ್ಲಿ ಇಬ್ಬರೂ ನಕ್ಕೆವು. ಆ ದಿನವೂ ಡಾಕ್ಟರಿಗೆ "ಆರಾಮು" ಅಂದೆ.

ಅದೇ ವಾರದ ಭಾನುವಾರ ಬಚ್ಚಲು. ನಮ್ಮದು ಹಂಡೆ ಒಲೆ, ಮಳೆಗಾಲದಲ್ಲಿ ಬೆಳಗಿಂದ ರಾತ್ರಿ ತನಕ ಉರಿ ಆರುವುದಿಲ್ಲ. ತೋಡಿದ ನೀರಿಗೆ ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ, ಹದವಾಗಿದೆ ಅಂತ ಕಾಲಿಗೆ ಹಾಕಿಕೊಂಡೆ. ಎರಡು ಚೆಂಬು. ಮೂರನೆಯದು ಮೊಣಕಾಲ ಮೇಲೆ ಬಿದ್ದಾಗ ಜೀವ ಹೋದ ಹಾಗೆ ಕೂಗಿದೆ. ಪಾದದ ಮೇಲ್ಭಾಗ ಆಗಲೇ ದಾಸವಾಳದ ಬಣ್ಣಕ್ಕೆ ತಿರುಗಿತ್ತು, ಸಂಜೆಗೆ ಬೊಬ್ಬೆ ಎದ್ದಿತು. ಅದ್ದಿ ನೋಡಿದ ಕೈಯೂ ಸುಳ್ಳು ಹೇಳಿತ್ತು, ಹಾಕಿಸಿಕೊಂಡ ಕಾಲೂ ಸುಳ್ಳು ಹೇಳಿತ್ತು. ಅತ್ತೆ ಬೊಬ್ಬೆಗೆ ಬೆಣ್ಣೆ ಸವರಲು ಬಂದರು. ಬೇಡವೆಂದು ತಣ್ಣೀರು ಹೊಯ್ದುಕೊಂಡು ಅಲ್ಲೇ ಕೂತೆ. (ಸುಟ್ಟ ಗಾಯಕ್ಕೆ ಬೆಣ್ಣೆ ಹಚ್ಚಬೇಡಿ, ಹರಿಯುವ ತಣ್ಣೀರೇ ಸರಿ.) ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು ಒಂದೇ ಮಾತು ಅಂದಳು, "ಮಂಗಳವಾರ ನೀನು ಹೇಳದಿದ್ದರೆ ನಾನೇ ಡಾಕ್ಟರಿಗೆ ಫೋನ್ ಮಾಡ್ತೇನೆ."

ಜುಲೈ 23. ಡಾಕ್ಟರ ಮೇಜಿನಲ್ಲಿ ಒಂದು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್), ಹೈಸ್ಕೂಲ್ ಲ್ಯಾಬಿನಲ್ಲಿ ನೋಡಿದ್ದು. ಕಣ್ಣು ಮುಚ್ಚಿಸಿ ಹೆಬ್ಬೆರಳ ಮೂಳೆಯ ಮೇಲೆ ಇಟ್ಟರು. "ಝುಂ ಅಂತ ಬಂತಾ?" ನಾನು, ಅಭ್ಯಾಸಬಲ, "ಬಂತು" ಅಂದೆ. "ನಾನಿನ್ನೂ ಬಾರಿಸಲೇ ಇಲ್ಲವಲ್ಲಮ್ಮ."

ನಾನು ಅತ್ತುಬಿಟ್ಟೆ. ಎದೆಯ ಗಂಟು ಸಿಕ್ಕಾಗಲೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ಅವರು ಕೇಳಿದ ರೀತಿಯೇ ಬೇರೆ. ಜೋಮು ಎಷ್ಟು ಅಂತ ಕೇಳಲಿಲ್ಲ. ಬ್ಲೌಸಿನ ಹುಕ್ಕು ನೀವೇ ಹಾಕಿಕೊಳ್ಳುತ್ತೀರಾ? ನೆರಿಗೆಗೆ ಪಿನ್ನು? ಪೆನ್ನು ಹಿಡಿದರೆ ಜಾರುತ್ತದಾ? ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತೀರಾ? ಬಿಸಿ ತಣ್ಣಗೆ ತಿಳಿಯುತ್ತದಾ? ಎಲ್ಲದಕ್ಕೂ ನನ್ನ ಬಳಿ ಉತ್ತರ ಇತ್ತು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಿಮ್ಮ ಸರದಿ ಬಂದಾಗ ಇದನ್ನು ಮಾಡಿ: 'ಜೋಮು' ಅನ್ನಬೇಡಿ, ಯಾವ ಕೆಲಸ ನಿಂತಿತು ಅದನ್ನು ಹೇಳಿ. "ಹೋದ ವಾರ ಹುಕ್ಕು ಹಾಕುತ್ತಿದ್ದೆ, ಈ ವಾರ ಆಗುವುದಿಲ್ಲ" ಅಂದರೆ ಯಾರೂ ಅದನ್ನು ವೀಕ್‌ನೆಸ್ ಅಂತ ಬರೆದುಕೊಳ್ಳಲಾರರು. ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ಗುರುತು ಹಾಕಿ, ಆಸ್ಪತ್ರೆಗೆ ಹೋಗುವಾಗ ಫೋಟೊ ತೆಗೆದುಕೊಂಡು ಹೋಗಿ.

ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಪಶ್ಚಿಮ ತೀರದ ಯೂ ಮರದ ತೊಗಟೆಯಲ್ಲಂತೆ. ಜೀವಕೋಶದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿರುತ್ತವೆ. ಕೋಶ ಒಂದು ಎರಡಾಗಬೇಕಾದರೆ ಅವು ಬಿಚ್ಚಿಕೊಂಡು ಮತ್ತೆ ಕಟ್ಟಿಕೊಳ್ಳಬೇಕು. ಈ ಔಷಧಿ ಅವನ್ನು ಬಿಚ್ಚಿಕೊಳ್ಳದಂತೆ ಬಿಗಿದುಬಿಡುತ್ತದೆ, ಕ್ಯಾನ್ಸರ್ ಕೋಶ ಒಡೆಯಲಾಗದೆ ಸಾಯುತ್ತದೆ. ಕಷ್ಟವೆಂದರೆ ನರಗಳೂ ಅದೇ ಥರದ ಕೊಳವೆಗಳ ದಾರಿಯಲ್ಲೇ ಬೆನ್ನಿನ ಹತ್ತಿರದಿಂದ ಕಾಲ್ಬೆರಳ ತನಕ ತಮ್ಮ ಆಹಾರ ಸಾಮಾನು ಸಾಗಿಸುವುದು. ದಾರಿ ಕೆಟ್ಟರೆ ಎಲ್ಲಕ್ಕಿಂತ ದೂರದವರಿಗೆ ಮೊದಲು ತಟ್ಟುತ್ತದೆ. ಕಾಲ್ಬೆರಳು ಮೊದಲು, ಕೈಬೆರಳು ಆಮೇಲೆ. ಇವರು ಪಕ್ಕದಿಂದ, "ಡ್ರಿಪ್ ಪೈಪು ಕಟ್ಟಿಕೊಂಡರೆ ಸಾಲಿನ ಕೊನೆಯ ಅಡಿಕೆ ಮರ ಮೊದಲು ಬಾಡೋದು" ಅಂದರು. ಡಾಕ್ಟರು, "ಅದೇ" ಅಂದರು.

ಹಾಳಾದ ಮೇಲೆ ಸ್ಪರ್ಶ ತಂದುಕೊಡುವ ಔಷಧಿ ಇನ್ನೂ ಇಲ್ಲ. ಇರುವ ಮಾತ್ರೆಗಳು ಉರಿ, ನೋವಿಗೆ. ಜಾಸ್ತಿ ಹಾಳಾಗದಂತೆ ತಡೆಯಲು ಡಾಕ್ಟರ ಕೈಯಲ್ಲಿರುವ ದೊಡ್ಡ ದಾರಿ ಡೋಸು ಮುಂದೆ ಹಾಕುವುದು, ಕಡಿಮೆ ಮಾಡುವುದು ಅಥವಾ ನಿಲ್ಲಿಸುವುದು. ಆ ದಾರಿಯನ್ನು ನಾನು "ಆರಾಮು" ಅಂದುಕೊಂಡು ಏಳು ವಾರ ಮುಚ್ಚಿಟ್ಟಿದ್ದೆ. ಆ ವಾರ ಔಷಧಿ ಹಾಕಲಿಲ್ಲ. ಮುಂದಿನ ಎರಡು ವಾರ ಡೋಸು ಇಳಿಸಿ ಹಾಕಿದರು. ಆಗಸ್ಟ್ 6ಕ್ಕೆ ಹತ್ತು ಆಯಿತು, ಅಲ್ಲಿಗೆ ಸಾಕು ಅಂದರು. "ಇನ್ನೆರಡು?" ಅಂತ ಎಷ್ಟು ಸಲ ಕೇಳಿದೆನೋ. ನರದ ತೊಂದರೆಗೆ ಹೀಗೆ ನಿಲ್ಲಿಸುವುದು ನಾವು ಆಗಾಗ ಮಾಡುವ ಕೆಲಸ, ಚಿಕಿತ್ಸೆ ಅರ್ಧಕ್ಕೆ ಬಿಟ್ಟ ಹಾಗಲ್ಲ ಅಂತ ಅವರು ಅಷ್ಟೇ ಸಲ ಹೇಳಿದರು. ಹತ್ತೇ ಆಯಿತಲ್ಲ ಅನ್ನುವ ಲೆಕ್ಕ ಮಾತ್ರ ಈಗಲೂ ಕೆಲವು ರಾತ್ರಿ ಮೂರು ಗಂಟೆಗೆ ಎಬ್ಬಿಸುತ್ತದೆ.

ಔಷಧಿ ನಿಂತರೆ ಜೋಮೂ ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ, ಏರಿತು. ಆಗಸ್ಟ್, ಸೆಪ್ಟೆಂಬರಿನಲ್ಲಿ ಪಾದ ದಾಟಿ ಕಾಲ್ಗಿಣ್ಣಿನ ತನಕ ಬಂತು, ರಾತ್ರಿ ಹೊದಿಕೆ ಸೋಕಿದರೂ ಅಂಗಾಲು ಉರಿ. ಕಾಯಿಲೆ ನರಕ್ಕೇ ಹತ್ತಿತೇನೋ ಎಂದು ಹೆದರಿ ಒಂದು ವಾರ ಮಾತೇ ಆಡಲಿಲ್ಲ. ಆಮೇಲೆ ಡಾಕ್ಟರು ಹೇಳಿದರು: ಸೈಕಲ್ ತುಳಿಯುವುದು ನಿಲ್ಲಿಸಿದರೂ ಸ್ವಲ್ಪ ದೂರ ತಾನೇ ಹೋಗುತ್ತದಲ್ಲ, ಹಾಗೆ ಕೆಲವರಿಗೆ ಔಷಧಿ ಬಿಟ್ಟ ಮೇಲೂ ಕೆಲವು ವಾರ, ತಿಂಗಳು ಹೆಚ್ಚುವುದುಂಟು. ಇದೊಂದು ಮಾತು ಆಗಸ್ಟ್ 6ರಂದೇ ಹೇಳಿದ್ದರೆ ಆ ವಾರ ಉಳಿಯುತ್ತಿತ್ತು.

ಸೆಪ್ಟೆಂಬರಿನಲ್ಲಿ ರೇಡಿಯೇಷನ್ನಿಗೆ ಬೆಂಗಳೂರು, ತಂಗಿಯ ಮನೆ, 15 ದಿನ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ 75 ಪರ್ಸೆಂಟ್. ರೈಲ್ವೆಯ ನಮೂನೆಯಲ್ಲೇ ಆಸ್ಪತ್ರೆಯ ಸಹಿ ಸೀಲು ಬೇಕು, ಟಿಕೆಟ್ಟು ಕೌಂಟರಿನಲ್ಲಿ ಮಾಡಿಸಬೇಕು. ನಮಗೆ ಗೊತ್ತಾದದ್ದು ಬರುವಾಗ.

ರೇಡಿಯೇಷನ್ನಿನ ಕ್ಯೂನಲ್ಲಿ ಪರಿಚಯವಾದ ಹೆಂಗಸೊಬ್ಬರಿಗೆ ಹನ್ನೆರಡೂ ಆಗಿತ್ತು, ಕೂತು ಹೂ ಕಟ್ಟುತ್ತಿದ್ದರು! ಬೆರಳು ನೋಡಿ ಹೊಟ್ಟೆ ಉರಿದದ್ದು ಸುಳ್ಳಲ್ಲ. ಅವರಿಗೆ ಪ್ರತಿ ಡೋಸಿನ ಹೊತ್ತಿಗೂ ಮಂಜಿನಷ್ಟು ತಣ್ಣಗಿನ ಜೆಲ್ ಗ್ಲೌಸು, ಸಾಕ್ಸು ಹಾಕಿಸುತ್ತಿದ್ದರಂತೆ. ತಣ್ಣಗಾದ ರಕ್ತನಾಳ ಕುಗ್ಗಿ ಬೆರಳ ತುದಿಗೆ ಔಷಧಿ ಕಡಿಮೆ ಹೋಗುತ್ತದೆ ಅನ್ನುವ ಲೆಕ್ಕ. ಜಪಾನಿನ ಕ್ಯೋಟೊದಲ್ಲಿ ಇದೇ ಔಷಧಿ ವಾರ ವಾರ ತೆಗೆದುಕೊಳ್ಳುವ ಸ್ತನ ಕ್ಯಾನ್ಸರಿನವರ ಮೇಲೆ ಮಾಡಿ ನೋಡಿದ ಅಧ್ಯಯನ 2018ರಲ್ಲಿ ಬಂದಿದೆ, ತಣ್ಣಗೆ ಇಟ್ಟ ಕೈಗೆ ಜೋಮು ಕಡಿಮೆ ಇತ್ತು. ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ, ಚಳಿ ತಡೆಯಲಾಗದೆ ಬಿಟ್ಟವರೂ ಇದ್ದಾರೆ. ಸೈಜಿಗಿಂತ ಚಿಕ್ಕ ಸರ್ಜಿಕಲ್ ಗ್ಲೌಸ್ ಬಿಗಿಯಾಗಿ ಹಾಕಿಸುವ ಪದ್ಧತಿಯೂ ಇದೆ. ನೀವು ಇನ್ನೂ ಮೊದಲ ಡೋಸಿಗೆ ಹೋಗಬೇಕಾದವರಾದರೆ ಡಾಕ್ಟರನ್ನು ಇವತ್ತೇ ಕೇಳಿ. ಮನೆಯಲ್ಲಿ ತಾವಾಗಿ ಐಸು ಕಟ್ಟಿಕೊಳ್ಳಬೇಡಿ, ಸ್ಪರ್ಶ ಇಲ್ಲದ ಚರ್ಮ ಐಸಿಗೂ ಸುಡುತ್ತದೆ.

ಊರಿಗೆ ಬಂದ ಮೇಲೆ ಶುರುವಾದದ್ದು ಸಲಹೆಗಳ ಸುಗ್ಗಿ. ನಮ್ಮಲ್ಲಿ 'ನರದೌರ್ಬಲ್ಯ' ಅಂದರೆ ಪೇಪರಿನ ಜಾಹೀರಾತು ಓದಿದವರಿಗೆಲ್ಲ ಒಂದೇ ಅರ್ಥ. ನನ್ನ ಮೈದುನ ಮೆಡಿಕಲ್ಲಿನಲ್ಲಿ ನರದ ಮಾತ್ರೆ ಕೇಳಿ ಮುಜುಗರಪಟ್ಟುಕೊಂಡು ಬಂದ ಕಥೆ ಇನ್ನೂ ಮನೆಯಲ್ಲಿ ಓಡುತ್ತಿದೆ. ಹಾಗೆ ತಂದದ್ದೊಂದು, ಆಸ್ಪತ್ರೆಯಲ್ಲಿ ಬರೆದದ್ದೊಂದು, ಎರಡು ಥರದ ವಿಟಮಿನ್ ನುಂಗುತ್ತಿದ್ದೆ. ಎರಡರಲ್ಲೂ ಬಿ6. ಅದು ಅತಿಯಾದರೆ ತಾನೇ ನರ ಕೆಡಿಸುತ್ತದೆ ಅಂತ ತಿಳಿದದ್ದು ತಿಂಗಳಾದ ಮೇಲೆ. ಅಸಿಟೈಲ್ ಕಾರ್ನಿಟೀನ್ ಅನ್ನುವ ಪೂರಕ ಮಾತ್ರೆಯನ್ನೂ ಒಬ್ಬರು ಹೇಳಿದ್ದರು. ಅದನ್ನು ಮುಟ್ಟಲೇಬೇಡಿ ಅಂದರು ಡಾಕ್ಟರು, ಇಂಥದೇ ಕಿಮೋ ತೆಗೆದುಕೊಂಡ ಹೆಂಗಸರಿಗೆ ಕೊಟ್ಟು ನೋಡಿದರೆ ಜೋಮು ಹೆಚ್ಚಾಯಿತಂತೆ, 2013ರ ಅಧ್ಯಯನ. ಪರೀಕ್ಷೆಯಲ್ಲಿ ನನಗೆ ಬಿ12 ನಿಜಕ್ಕೂ ಕಡಿಮೆ ಇತ್ತು. ಸಸ್ಯಾಹಾರಿಗಳು ಕಿಮೋಗೆ ಮೊದಲೇ ನೋಡಿಸಿಕೊಂಡರೆ ಒಳ್ಳೆಯದು. ಸಕ್ಕರೆ, ಥೈರಾಯ್ಡು ಕೂಡ.

ನವೆಂಬರಿನಲ್ಲಿ ಡ್ಯೂಟಿಗೆ ಸೇರಲು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ಆಸ್ಪತ್ರೆಯ ಫಾರಂನಲ್ಲಿ ಇರುವುದು ಎರಡೇ ಮಾತು, ಫಿಟ್ ಅಥವಾ ಅನ್‌ಫಿಟ್. ಫಿಟ್ ಅಂತ ಬರೆಸಿಕೊಂಡು ಬಂದು ಕ್ಯಾಷ್ ಕೌಂಟರಿನಲ್ಲಿ ಕೂತೆ. ಇಪ್ಪತ್ತೆರಡು ವರ್ಷ ನೋಟು ಎಣಿಸಿದ ಕೈ. ಎಣಿಕೆ ಅನ್ನುವುದು ತಲೆಯಲ್ಲಿ ನಡೆಯುವುದಿಲ್ಲ, ಹೆಬ್ಬೆರಳಲ್ಲಿ ನಡೆಯುತ್ತದೆ. ಎರಡು ನೋಟು ಒಟ್ಟಿಗೆ ಬಂದರೆ ಬೆರಳು ತಾನೇ ತಡೆದು ನಿಲ್ಲುತ್ತದೆ, ಬಾಯಿ ಅಂಕಿ ಹೇಳುತ್ತಲೇ ಇರುತ್ತದೆ. ಆ ತಡೆ ಈಗ ಇರಲಿಲ್ಲ. ಮೂರನೇ ದಿನ ಸಂಜೆ 1,500 ಕಡಿಮೆ ಬಂತು. ಹೊಸ ಐನೂರರ ಮೂರು ನೋಟು, ಎಲ್ಲೋ ಜೋಡಿಯಾಗಿ ಹೋಗಿವೆ. ಮೂರು ಸಲ ಎಣಿಸಿದೆ, ಮೂರು ಬೇರೆ ಬೇರೆ ಮೊತ್ತ. ಕೈಯಿಂದ ಕಟ್ಟಿದೆ. ಮರುವಾರ 500. ಯಾರೂ ಏನೂ ಅನ್ನಲಿಲ್ಲ. ಆ ಸುಮ್ಮನಿರುವಿಕೆಯೇ ಹೆಚ್ಚು ಕುಟುಕಿತು.

ಮತ್ತೆ ಶಿವಮೊಗ್ಗಕ್ಕೆ ಹೋಗಿ, "ನಿಂತು ಕೂತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ, ಬೆರಳಿನ ಸೂಕ್ಷ್ಮ ಕೆಲಸ ಆಗದು, ಆರು ತಿಂಗಳು ಬೇರೆ ಕೆಲಸ ಕೊಡಬೇಕು" ಅಂತ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡು ಬಂದೆ. ಈ ಕಾಗದಕ್ಕೆ ಎರಡು ಸಲ ಓಡಾಟ, ಏಕೆಂದರೆ ಅವರ ಬಳಿ ಇದಕ್ಕೆ ನಮೂನೆಯೇ ಇಲ್ಲ. ನೀವೇ ನಾಲ್ಕು ಸಾಲು ಬರೆದುಕೊಂಡು ಹೋಗಿ, ಡಾಕ್ಟರು ತಿದ್ದಿ ಸಹಿ ಹಾಕುತ್ತಾರೆ. ಸಂಘದಲ್ಲಿ ನನ್ನನ್ನು ಸಾಲದ ಲೆಡ್ಜರಿಗೆ ಹಾಕಿದರು. ಎಣಿಸುವ ಮೆಷಿನ್ನೂ ಬಂತು, ನನ್ನ ದೆಸೆಯಿಂದ ಅಂತ ಈಗಿನ ಕ್ಯಾಷಿಯರ್ ಹುಡುಗ ಖುಷಿಯಾಗಿದ್ದಾನೆ.

ರಾತ್ರಿಯ ಉರಿಗೆ ನರದ ಡಾಕ್ಟರನ್ನು ಕಾಣಬೇಕಾಯಿತು. ಅಪಾಯಿಂಟ್‌ಮೆಂಟಿಗೆ 19 ದಿನ, ಅವತ್ತು ಹೊರಗೆ ನಾಲ್ಕು ಗಂಟೆ. ನರದಲ್ಲಿ ಕರೆಂಟ್ ಹರಿಸಿ ನೋಡುವ ಪರೀಕ್ಷೆ, ಸಣ್ಣ ಸಣ್ಣ ಶಾಕ್. ನಮಗೆ 3,200 ಆಯಿತು, ಈ ಖರ್ಚಿನಲ್ಲಿ ಒಂದು ರೂಪಾಯಿಯೂ ಕಾರ್ಡಿನಲ್ಲಿ ಬರಲಿಲ್ಲ. ಮೊದಲು ಬರೆದ ಪ್ರೆಗಾಬಾಲಿನ್ ನನಗೆ ಆಗಿಬರಲಿಲ್ಲ. ಬೆಳಿಗ್ಗೆ ಹನ್ನೊಂದರ ತನಕ ಮಂಪರು, ಮೊದಲೇ ನೆಲ ತಿಳಿಯದ ಕಾಲಿಗೆ ತಲೆ ತಿರುಗುವುದೂ ಸೇರಿತು. ಅಂಗಳದ ಹಾವಸೆಯ ಮೇಲೆ ಒಮ್ಮೆ ಬಿದ್ದೆ. ಆಮೇಲೆ ಡುಲಾಕ್ಸೆಟೀನ್ ಬರೆದರು. ಕಿಮೋದ ನರದ ನೋವಿಗೆ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಶಿಫಾರಸು ಮಾಡುವುದು ಅದೊಂದನ್ನೇ, 2020ರ ಮಾರ್ಗಸೂಚಿಯಲ್ಲೂ ಅದೇ ಇದೆ. ಒಳ್ಳೆಯ ಔಷಧಿಯೇ. ಆದರೆ ನಾನು ಅಕ್ಟೋಬರಿನಿಂದ, ಕ್ಯಾನ್ಸರ್ ತಿರುಗಿ ಬರದಿರಲಿ ಅಂತ ಕೊಡುವ ಹಾರ್ಮೋನ್ ಮಾತ್ರೆ ಟ್ಯಾಮೊಕ್ಸಿಫೆನ್ ನುಂಗುತ್ತಿದ್ದೆ, ಅದನ್ನು ಹೇಳಲು ನನಗೆ ನೆನಪಾಗಲಿಲ್ಲ. ಫೈಲು ಒಯ್ದಿರಲಿಲ್ಲ, "ಬೇರೆ ಮಾತ್ರೆ ಇದೆಯಾ?" ಅಂದಾಗ "ವಿಟಮಿನ್" ಅಂದೆ. ಐದು ವರ್ಷ ದಿನಾ ನುಂಗುವುದು ಮಾತ್ರೆ ಅನ್ನಿಸುವುದೇ ಇಲ್ಲ, ಊಟದ ಹಾಗೆ.

ತಪ್ಪಿಸಿದ್ದು ಸಾಗರದ ಮೆಡಿಕಲ್ ಶಾಪಿನ ಹುಡುಗಿ. ಎರಡು ಚೀಟಿಯನ್ನೂ ಒಟ್ಟಿಗೆ ಕೊಟ್ಟಿದ್ದೆ, ನೋಡಿದವಳೇ, "ಮೇಡಂ, ಇದನ್ನು ಶುರು ಮಾಡುವ ಮೊದಲು ಕ್ಯಾನ್ಸರ್ ಡಾಕ್ಟರಿಗೆ ಒಂದು ಮಾತು ಕೇಳಿ" ಅಂದಳು. ಕೇಳಿದೆ. ಟ್ಯಾಮೊಕ್ಸಿಫೆನ್ ಮೈಯಲ್ಲಿ ಕೆಲಸದ ರೂಪಕ್ಕೆ ಬರಬೇಕಾದರೆ ಲಿವರಿನ ಒಂದು ಕಿಣ್ವ ಬೇಕು, ಡುಲಾಕ್ಸೆಟೀನ್ ಅದೇ ಕಿಣ್ವಕ್ಕೆ ತಡೆ ಹಾಕುತ್ತದೆ. ನೋವು ತಡೆದುಕೊಳ್ಳುವ ಹಾಗಿದ್ದರೆ ಬೇಡ ಅಂದರು. ನನಗೆ ಆಗಲೇ ಉರಿ ತಾನಾಗಿ ಸ್ವಲ್ಪ ತಗ್ಗುತ್ತಿತ್ತು, ಉಳಿದದ್ದು ಮರಗಟ್ಟಿದ್ದು. ಮರಗಟ್ಟಿದ್ದಕ್ಕೆ ಆ ಮಾತ್ರೆಯೂ ಏನೂ ಮಾಡದು. ಬಿಟ್ಟೆ. ಉರಿ ತಡೆಯಲಾರದವರು ನನ್ನನ್ನು ನೋಡಿ ಬಿಡಬೇಡಿ, ನಿಮ್ಮ ಹಾರ್ಮೋನ್ ಮಾತ್ರೆ ಬೇರೆಯದಿರಬಹುದು. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನವರಾದರೂ ಸರಿ, ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ.

ನನಗೆ ನಿಜಕ್ಕೂ ಕೆಲಸಕ್ಕೆ ಬಂದದ್ದು ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು. ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆದ ಹಾಗೆ ನಡೆಯುವುದು, ಅಕ್ಕಿಯ ಪಾತ್ರೆಯೊಳಗೆ ಕೈ ಹಾಕಿ ಹುಣಸೆ ಬೀಜ ಹುಡುಕುವುದು. ದಿನಾ ಅರ್ಧ ಗಂಟೆ ನಡಿಗೆ. ಮೊದಲ ತಿಂಗಳು ಹುಣಸೆ ಬೀಜ ಒಂದೂ ಸಿಗಲಿಲ್ಲ, ಅತ್ತೆ ಪಕ್ಕದಲ್ಲಿ ಕೂತು "ಎಡಕ್ಕೆ, ಎಡಕ್ಕೆ" ಅನ್ನುತ್ತಿದ್ದರು. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ತಗೊಂಡೆ, ಮನೆಯೊಳಗೂ ಒಂದು ಜೊತೆ. ನೀರಿನ ಬಿಸಿಯನ್ನು ಈಗ ಮೊಣಕೈಯಿಂದ ನೋಡುತ್ತೇನೆ, ಎಳೆಗೂಸಿಗೆ ಎರೆಯುವವರ ಹಾಗೆ. ಕಂಕುಳ ಗಂಟು ತೆಗೆದ ಬಲಗೈಗೆ ಗಾಯ ಆದರೆ ಬಾವು ಏರುವ ಭಯ ಬೇರೆ, ಅದಕ್ಕೆ ಈಳಿಗೆ ಮಣೆ ಅಟ್ಟ ಸೇರಿತು. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ನಿತ್ಯದ ಕೆಲಸ. ಇಂಬಳ ಹತ್ತಿದ್ದು ಮಲೆನಾಡಿನಲ್ಲಿ ಯಾರಿಗೂ ತಿಳಿಯುವುದಿಲ್ಲ, ಅದು ಬಿಡಿ. ಅಡಿಕೆ ಸುಲಿದ ಜಾಗದಲ್ಲಿ ಹೆಜ್ಜೆ ಇಟ್ಟು ಎರಡು ದಿನ ಚೂರು ಒಳಗೇ ಇಟ್ಟುಕೊಂಡು ಓಡಾಡಿದ್ದೇನೆ.

ಬ್ಲೌಸಿನ ಹುಕ್ಕು ಇವರ ಪಾಲಿಗೆ ಬಂತು. ಅಡಿಕೆ ಚೊಗರಿನಿಂದ ಕಪ್ಪಾದ ದಪ್ಪ ಬೆರಳು, ಕನ್ನಡಕ ಮೂಗಿನ ತುದಿಗೆ. ಮೊದಮೊದಲು ಒಂದು ಮನೆ ತಪ್ಪಿಸಿ ಹಾಕುತ್ತಿದ್ದರು, ನಾನು ಹಾಗೇ ಸೆರಗು ಮುಚ್ಚಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಮದುವೆ, ಉಪನಯನಕ್ಕೆ ಹೋದಲ್ಲಿ ಎಲ್ಲರೂ ಕೈ ಹಿಡಿದು ಹೇಳುವ ಮಾತು, "ಜೀವ ಉಳಿಯಿತಲ್ಲ, ಅಷ್ಟೇ ಸಾಕು." ಅವರು ಒಳ್ಳೆಯದಕ್ಕೇ ಹೇಳುವುದು. ಆದರೆ ಅಷ್ಟೇ ಸಾಕು ಅಂದ ಮೇಲೆ ಬೆರಳ ತುದಿಯ ದುಃಖ ಹೇಳಿಕೊಳ್ಳಲು ಜಾಗ ಉಳಿಯುವುದಿಲ್ಲ. ಅವರು ಹಿಡಿದುಕೊಂಡ ಕೈಗೆ ಅವರ ಬಿಸುಪು ಗೊತ್ತಾಗುತ್ತಿಲ್ಲ ಅಂತ ಹೇಗೆ ಹೇಳುವುದು?

ಈಗ ಕೊನೆಯ ಡೋಸಿಗೆ ಒಂದೂವರೆ ವರ್ಷ. ಕೈ ಬಹಳಷ್ಟು ತಿರುಗಿದೆ. ಹುಣಸೆ ಬೀಜ ಹತ್ತರಲ್ಲಿ ಏಳೆಂಟು ಸಿಗುತ್ತದೆ. ಹುಕ್ಕು ನಾನೇ ಹಾಕಿಕೊಳ್ಳಬಲ್ಲೆ, ಅವಸರ ಇದ್ದ ದಿನ ಇವರನ್ನೇ ಕರೆಯುತ್ತೇನೆ. ನೋಟು ಎಣಿಸುವ ಕೆಲಸ ವಾಪಸ್ ಕೇಳಿಲ್ಲ. ಚಳಿ ಬಿದ್ದ ಬೆಳಿಗ್ಗೆ ಪಾದ ಇನ್ನೂ ಮರದ ತುಂಡು.

ಕಳೆದ ತಿಂಗಳು ತಪಾಸಣೆಗೆ ಹೋದಾಗ ಡಾಕ್ಟರು ಮತ್ತೆ ಶ್ರುತಿಕವೆ ತೆಗೆದರು. ಕಣ್ಣು ಮುಚ್ಚಿದೆ. ಮೇಜಿಗೆ ಬಡಿದ ಸದ್ದು ಈ ಸಲ ಕಿವಿಗೆ ಸ್ಪಷ್ಟವಾಗಿ ಕೇಳಿತು. ಹೆಬ್ಬೆರಳ ಮೇಲೆ ಇಟ್ಟರು.

"ಬಂತಾ?"

"ಇಲ್ಲ."

ಪಾದದ ನಡುವೆ ಇಟ್ಟರು. "ಈಗ?"

"ಇಲ್ಲ."

ಕಾಲ್ಗಿಣ್ಣಿನ ಮೂಳೆಯ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಕಾದೆ. ದೂರದಲ್ಲಿ ಎಲ್ಲೋ ಜೇನುಗೂಡು ಇದ್ದ ಹಾಗೆ.

"ಬಂತು," ಅಂದೆ. "ಆದರೆ ಬಹಳ ಸಣ್ಣಗೆ."

ಅವರು ಎರಡನ್ನೂ ಬರೆದುಕೊಂಡರು.